ಫೋನ್‌ನಲ್ಲಿ ಹಾಡು ಕಡಿದು ಕಡಿದು ಬರುತ್ತಿದೆಯಾ? ಎಲ್ಲಿ ಕಡಿಯುತ್ತಿದೆ ಅಂತ ಹಿಡಿಯುವ ದಾರಿ

ಹೋದ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೆ ಊರಿಂದ ಅಪ್ಪ ಫೋನ್ ಮಾಡಿದರು. ರಾತ್ರಿ ಅಡಿಕೆ ಸುಲಿಯಲು ಕೂತಾಗ ಅವರಿಗೆ ತಾಳಮದ್ದಲೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ಕಥೆ ನಡೆಸುವ ಯಕ್ಷಗಾನ, ಬೇಕೇ ಬೇಕು. ಒಂದೊಂದು ಪ್ರಸಂಗ ಮೂರು ಗಂಟೆ, ಎಲ್ಲ ಎಂಪಿ3, ಎಲ್ಲ ಮೆಮೊರಿ ಕಾರ್ಡ್‌ನಲ್ಲಿ. "ಮಾತು ಮಧ್ಯ ಮಧ್ಯ ಹಾರಿ ಹೋಗ್ತು ತಮಾ, ಅರ್ಥ ಎಲ್ಲ ಕಡಿದು ಕಡಿದು ಬತ್ತು" ಅಂದರು.

ನಾನು ಬೆಂಗಳೂರಿನಿಂದ ಫೋನಲ್ಲೇ ಹೇಳಿ ಹೇಳಿ ಒಂದಷ್ಟು ಸೆಟ್ಟಿಂಗ್ ಬದಲು ಮಾಡಿಸಿದೆ. ಎರಡು ದಿನ ಸರಿ ಇತ್ತು. ಮತ್ತೆ ಶುರುವಾಯಿತು. ಊರಿಗೆ ಹೋಗಿ, ಫೋನ್ ಕೈಯಲ್ಲಿ ಹಿಡಿದು ಒಂದು ಮಧ್ಯಾಹ್ನ ಪೂರ್ತಿ ಕೂತ ಮೇಲೆ ಗೊತ್ತಾಯಿತು, ಅಲ್ಲಿ ಒಂದೇ ಫೋನಿನಲ್ಲಿ ಮೂರು ತೊಂದರೆ ಒಟ್ಟಿಗೆ ಇದ್ದವು. ಅಪ್ಪನ ಕಿವಿಗೆ ಮೂರೂ ಒಂದೇ ಥರ. ಒಂದನ್ನು ಸರಿ ಮಾಡಿದರೆ ಇನ್ನೊಂದು ಉಳಿಯುತ್ತಿತ್ತು, ಹಾಗಾಗಿ ಏನು ಮಾಡಿದರೂ ಉಪಯೋಗ ಇಲ್ಲ ಅಂತ ಅನ್ನಿಸುತ್ತಿತ್ತು.

ಈ ತೊಂದರೆಗೆ ಪರಿಹಾರ ಹುಡುಕಿದರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಕ್ಯಾಶ್ (ಆ್ಯಪ್ ಕೂಡಿಟ್ಟುಕೊಂಡ ತಾತ್ಕಾಲಿಕ ಫೈಲ್‌ಗಳು) ಕ್ಲಿಯರ್ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ, ಆ್ಯಪ್ ತೆಗೆದು ಮತ್ತೆ ಹಾಕಿ. ಕೆಲವೊಮ್ಮೆ ಅದರಿಂದ ಸರಿಯೂ ಆಗುತ್ತದೆ, ರೀಸ್ಟಾರ್ಟ್ ಅಂತೂ ಮೊದಲು ಮಾಡಿಯೇ ಬಿಡಿ, ಖರ್ಚಿಲ್ಲ. ಅದರಿಂದ ಹೋಗದಿದ್ದರೆ ಮಾತ್ರ ಸುಮ್ನೆ ಒಂದಾದ ಮೇಲೊಂದು ಬಟನ್ ಒತ್ತುವುದನ್ನು ಬಿಡಿ. ತೋಟದ ಕೊನೆಗೆ ನೀರು ಬರದಿದ್ದರೆ ಏನು ಮಾಡುತ್ತೇವೆ? ಮೋಟರ್‌ನಿಂದ ಶುರುಮಾಡಿ ಪೈಪ್ ಹಿಡಿದುಕೊಂಡು ನಡೆಯುತ್ತೇವೆ, ಅಲ್ವಾ. ಇಲ್ಲೂ ಹಾಗೇ. ಹಾಡು ಫೈಲ್‌ನಿಂದ ಹೊರಟು, ಸ್ಟೋರೇಜ್ ದಾಟಿ, ಪ್ಲೇಯರ್ ಆ್ಯಪ್ ಒಳಗೆ ಬಿಚ್ಚಿಕೊಂಡು, ಫೋನಿನ ಸಿಸ್ಟಂ ಕೈಗೆ ಸಿಕ್ಕಿ, ಅಲ್ಲಿಂದ ವೈರ್ ಅಥವಾ ಬ್ಲೂಟೂತ್ ಹಿಡಿದು ಕಿವಿಗೆ ಬರುತ್ತದೆ. ಈ ದಾರಿಯಲ್ಲಿ ಎಲ್ಲಿ ಕಡಿಯುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಮತ್ತೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೇಳಿ ನೋಡಿ, ಆಮೇಲೆ ಮುಂದಿನದು.

ಇಲ್ಲಿ ಹೇಳಿರುವುದು ಹೆಚ್ಚಾಗಿ ಆಂಡ್ರಾಯ್ಡ್ ಫೋನ್‌ಗೆ. ಮೆನು ಹೆಸರು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್ ಮೇಲಿನ ಹುಡುಕಾಟದ ಜಾಗದಲ್ಲಿ ಆ ಪದ ಟೈಪ್ ಮಾಡಿ.

ಮೊದಲು ಕಿವಿಗೊಟ್ಟು ಕೇಳಿ

"ಸ್ಕಿಪ್ ಆಗ್ತಿದೆ" ಅಂತ ನಾವು ಒಂದೇ ಹೆಸರಲ್ಲಿ ಕರೆಯುವುದು ಬೇರೆ ಬೇರೆ ತೊಂದರೆಗಳನ್ನು. ಹಾಡು ನಡೆಯುತ್ತಲೇ ಒಂದು ಕ್ಷಣ ಕಡಿದು ಮತ್ತೆ ಬರುವುದು ಒಂದು. ಅರ್ಧಕ್ಕೇ ಬಿಟ್ಟು ಮುಂದಿನ ಹಾಡಿಗೆ ಹಾರುವುದು ಇನ್ನೊಂದು. ಪರದೆ ಆಫ್ ಆಗಿ ಸ್ವಲ್ಪ ಹೊತ್ತಿಗೆ ಪೂರ್ತಿ ನಿಂತೇ ಹೋಗುವುದು ಮೂರನೆಯದು. ಇನ್ನೊಂದು ಇದೆ, ಹಾಡು ಒಂದೆರಡು ಸೆಕೆಂಡ್ ಸಣ್ಣಗಾಗಿ ಮತ್ತೆ ಜೋರಾಗುವುದು. ಇದು ತೊಂದರೆಯೇ ಅಲ್ಲ. ಮೆಸೇಜ್ ಬಂದಾಗ ಅಥವಾ ಮ್ಯಾಪ್ ದಾರಿ ಹೇಳುವಾಗ ಆಂಡ್ರಾಯ್ಡ್ ತಾನೇ ಹಾಡಿನ ಸದ್ದು ಇಳಿಸುತ್ತದೆ. ಮೆಸೇಜ್ ಸದ್ದು ಬೇಡ ಅನಿಸಿದರೆ ಹಾಡು ಕೇಳುವಾಗ ಡು ನಾಟ್ ಡಿಸ್ಟರ್ಬ್ ಹಾಕಿಕೊಳ್ಳಿ, ಅಷ್ಟೇ.

ಈಗ ಒಂದು ಚೀಟಿ, ಒಂದು ಪೆನ್ ತೆಗೆದುಕೊಳ್ಳಿ. ಕಡಿಯುವ ಹಾಡೊಂದನ್ನು ಹಾಕಿ, ಕಡಿದ ಕೂಡಲೇ ಪರದೆಯಲ್ಲಿ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡ್ ಅಂತ ಬರೆದುಕೊಳ್ಳಿ. ಅದೇ ಹಾಡನ್ನು ಮೂರು ಸಲ ಹಾಕಿ. ಮೂರು ಸಲವೂ ಅದೇ ಸೆಕೆಂಡ್‌ಗೆ ಕಡಿದರೆ ತಪ್ಪು ಫೈಲ್‌ನಲ್ಲಿದೆ, ಇಲ್ಲವೇ ಅದು ಕೂತಿರುವ ಕಾರ್ಡ್‌ನಲ್ಲಿದೆ. ಬೇರೆ ಬೇರೆ ಕಡೆ ಕಡಿದರೆ ಫೈಲ್ ಮೇಲೆ ಅನುಮಾನ ಬಿಡಿ, ದಾರಿಯಲ್ಲಿ ಎಲ್ಲೋ ಏನೋ ಆಗುತ್ತಿದೆ. ಈ ಒಂದು ಸಣ್ಣ ಕೆಲಸ ಮಾಡಿದರೆ ಹುಡುಕುವ ಜಾಗ ಅರ್ಧ ಕಡಿಮೆ ಆಗುತ್ತದೆ. ಅಪ್ಪನ ಫೋನ್‌ನಲ್ಲಿ ಒಂದು ಪ್ರಸಂಗ ಮೂರು ಸಲವೂ 1 ಗಂಟೆ 52ನೇ ನಿಮಿಷಕ್ಕೆ ಸರಿಯಾಗಿ ಹಾರುತ್ತಿತ್ತು. ಇನ್ನೊಂದು ಪ್ರಸಂಗ ಒಂದೊಂದು ಸಲ ಒಂದೊಂದು ಕಡೆ. ಎರಡು ತೊಂದರೆ ಇವೆ ಅಂತ ನನಗೆ ಮೊದಲು ಹೊಳೆದದ್ದೇ ಆ ಚೀಟಿ ನೋಡಿ.

ಎರಡನೇ ಪರೀಕ್ಷೆ: ಏರೋಪ್ಲೇನ್ ಮೋಡ್ ಹಾಕಿ. ವೈಫೈ, ಬ್ಲೂಟೂತ್ ಎರಡೂ ಆಫ್ ಇದೆ ಅಂತ ಖಾತ್ರಿ ಮಾಡಿಕೊಳ್ಳಿ. ಇಯರ್‌ಫೋನ್ ತೆಗೆಯಿರಿ. ಫೋನ್‌ನಲ್ಲೋ ಕಾರ್ಡ್‌ನಲ್ಲೋ ಇರುವ, ಕಡಿಯುವ ಹಾಡೊಂದನ್ನು ಪರದೆ ಆನ್ ಇಟ್ಟುಕೊಂಡೇ ಫೋನ್ ಸ್ಪೀಕರ್‌ನಲ್ಲಿ ಕೇಳಿ. ಹಾಡು ಚೊಕ್ಕವಾಗಿ ಬಂತಾ? ಹಾಗಾದರೆ ಫೈಲ್ ಮತ್ತು ಆ್ಯಪ್ ಎರಡೂ ಸರಿ ಇವೆ. ಈಗ ಒಂದೊಂದೇ ಸೇರಿಸುತ್ತಾ ಹೋಗಿ. ಪರದೆ ಆಫ್ ಮಾಡಿ ಹದಿನೈದು ನಿಮಿಷ ಕೇಳಿ. ಆಮೇಲೆ ವೈರ್ ಇಯರ್‌ಫೋನ್ ಹಾಕಿ. ಆಮೇಲೆ ಅದನ್ನು ತೆಗೆದು ಬ್ಲೂಟೂತ್. ಕೊನೆಗೆ ವೈಫೈ, ಡೇಟಾ. ಯಾವುದನ್ನು ಸೇರಿಸಿದಾಗ ಕಡಿಯಲು ಶುರುವಾಯಿತೋ ಕೆಳಗೆ ಅದರ ಭಾಗಕ್ಕೆ ನೇರ ಹೋಗಿ. ಸ್ಪೀಕರ್‌ನಲ್ಲೇ ಕಡಿದರೆ ಅದೇ ಹಾಡನ್ನು ಇನ್ನೊಂದು ಪ್ಲೇಯರ್‌ನಲ್ಲಿ ಹಾಕಿ ನೋಡಿ. ನಾನು ಇದಕ್ಕೆ ವಿಎಲ್‌ಸಿ ಬಳಸುತ್ತೇನೆ, ಪುಕ್ಕಟೆ, ಜಾಹೀರಾತು ಇಲ್ಲ, ಹೆಚ್ಚುಕಡಿಮೆ ಎಲ್ಲ ನಮೂನೆಯ ಫೈಲ್ ಓದುತ್ತದೆ. ಅದರಲ್ಲಿ ಸರಿಯಾಗಿ ಬಂದರೆ ನಿಮ್ಮ ಪ್ಲೇಯರ್‌ನ ಸೆಟ್ಟಿಂಗ್ ನೋಡಬೇಕು. ಅದರಲ್ಲೂ ಕಡಿದರೆ ಫೈಲ್ ಮತ್ತು ಕಾರ್ಡ್.

ಫೈಲ್ ಪೂರ್ತಿ ಇದೆಯಾ?

ನಮ್ಮಲ್ಲಿ ಹಾಡುಗಳು ಕೈಯಿಂದ ಕೈಗೆ ಬರುತ್ತವೆ. ಯಾರದೋ ಪೆನ್‌ಡ್ರೈವ್, ಅಲ್ಲಿಂದ ಲ್ಯಾಪ್‌ಟಾಪ್, ಅಲ್ಲಿಂದ ಕೇಬಲ್ ಹಾಕಿ ಫೋನ್. ಕಾಪಿ ಮುಗಿಯುವ ಮೊದಲೇ ಕೇಬಲ್ ಕಿತ್ತರೆ, ಇಜೆಕ್ಟ್ ಮಾಡದೆ ಪೆನ್‌ಡ್ರೈವ್ ಎಳೆದರೆ, ಫೈಲ್ ಅರ್ಧ ಕೂರುತ್ತದೆ. ಹೆಸರು ಕಾಣುತ್ತದೆ, ಹಾಡು ಶುರುವೂ ಆಗುತ್ತದೆ, ಅರ್ಧಕ್ಕೆ ಬಂದಾಗ ಮುಂದಿನದಕ್ಕೆ ಹಾರುತ್ತದೆ.

ಇದನ್ನು ಪತ್ತೆ ಮಾಡಲು ಒಂದು ಸುಲಭ ಲೆಕ್ಕ ಇದೆ. ಸೆಕೆಂಡ್‌ಗೆ 128 ಕಿಲೋಬಿಟ್‌ನ ಎಂಪಿ3 ಒಂದು ಗಂಟೆಗೆ ಸುಮಾರು 57 ಎಂಬಿ ಆಗುತ್ತದೆ. 320 ಕಿಲೋಬಿಟ್ ಆದರೆ 144 ಎಂಬಿ. ಐದು ನಿಮಿಷದ ಹಾಡು 128ರಲ್ಲಿ 4.8 ಎಂಬಿ, 320ರಲ್ಲಿ 12 ಎಂಬಿ. ಫೈಲ್‌ನ ವಿವರ ತೆರೆದು ಎಷ್ಟು ಎಂಬಿ ಇದೆ ನೋಡಿ, ಲೆಕ್ಕಕ್ಕೆ ತಾಳೆ ಆಗುತ್ತದಾ ನೋಡಿ. ಅಪ್ಪನ ಆ ಮೂರು ಗಂಟೆಯ ಪ್ರಸಂಗ 128ರಲ್ಲಿ ಸುಮಾರು 172 ಎಂಬಿ ಇರಬೇಕಿತ್ತು. ಇದ್ದದ್ದು 107. ಅದನ್ನು 57ರಿಂದ ಭಾಗಿಸಿದರೆ ಒಂದು ಗಂಟೆ ಐವತ್ತೆರಡು ನಿಮಿಷದ ಹತ್ತಿರ ಬರುತ್ತದೆ, ಸರಿಯಾಗಿ ಹಾರುತ್ತಿದ್ದ ಜಾಗ. ಇನ್ನು ಯಾವ ಸೆಟ್ಟಿಂಗ್ ಬದಲಾಯಿಸಿ ಏನು ಪ್ರಯೋಜನ? ಮೂಲ ಫೈಲ್ ಇಟ್ಟುಕೊಂಡಿದ್ದವರ ಹತ್ತಿರ ಕೇಳಿ ಮತ್ತೆ ಕಾಪಿ ಮಾಡಿಕೊಂಡೆ.

ಒಳಗೆ ಮಾತ್ರ ಹಾಳಾದ ಫೈಲ್‌ಗಳದು ಬೇರೆ ಕಥೆ. ಎಂಪಿ3 ಅಂದರೆ ಉದ್ದಕ್ಕೂ ಒಂದೇ ತುಂಡಲ್ಲ, ಸಣ್ಣ ಸಣ್ಣ ಫ್ರೇಮ್‌ಗಳ ಸರ. ಒಂದೊಂದು ಫ್ರೇಮ್‌ನಲ್ಲಿ 1152 ಸ್ಯಾಂಪಲ್, ಸಾಮಾನ್ಯ ಹಾಡಿನಲ್ಲಿ ಒಂದು ಫ್ರೇಮ್ ಅಂದರೆ ಸುಮಾರು 26 ಮಿಲಿಸೆಕೆಂಡ್ ಸದ್ದು. ನಾಲ್ಕಾರು ಫ್ರೇಮ್ ಕೆಟ್ಟಿದ್ದರೆ ಪ್ಲೇಯರ್ ಅವನ್ನು ಬಿಟ್ಟು ಮುಂದಿನ ಒಳ್ಳೆಯ ಫ್ರೇಮ್ ಹಿಡಿಯುತ್ತದೆ. ನಮಗೆ "ಟಕ್" ಅಂತ ಒಂದು ಹಾರು ಕೇಳುತ್ತದೆ. ಕಂಪ್ಯೂಟರ್ ಇದ್ದರೆ ಫೂಬಾರ್2000 ಅನ್ನುವ ಪುಕ್ಕಟೆ ಪ್ಲೇಯರ್‌ಗೆ ಆ ಫೈಲ್ ಹಾಕಿ, ರೈಟ್ ಕ್ಲಿಕ್ ಮಾಡಿ ಯುಟಿಲಿಟೀಸ್ ಒಳಗೆ ಎಂಪಿ3 ಸ್ಟ್ರೀಮ್ ರೀಬಿಲ್ಡ್ ಅನ್ನುವುದನ್ನು ಒತ್ತಿ. ಮೊದಲು ಒಂದು ಪ್ರತಿ ತೆಗೆದಿಡಿ, ಮರೆಯಬೇಡಿ. ಕಳೆದುಹೋದ ಸದ್ದು ವಾಪಸ್ ಬರುವುದಿಲ್ಲ, ಆದರೆ ಪ್ಲೇಯರ್ ಅಲ್ಲಿ ಮುಗ್ಗರಿಸಿ ಹಾಡನ್ನೇ ಬಿಡುವುದು ನಿಲ್ಲಬಹುದು. ಅಲ್ಲೇ ಪಕ್ಕದಲ್ಲಿ ವಿಬಿಆರ್ ಹೆಡರ್, ಅಂದರೆ ಫೈಲ್‌ನ ತಲೆಯಲ್ಲಿ ಹಾಡಿನ ಉದ್ದ ಬರೆದಿರುವ ಭಾಗ, ಸರಿಮಾಡುವ ಆಯ್ಕೆಯೂ ಇದೆ. ಹಾಡಿನ ಉದ್ದ ತಪ್ಪಾಗಿ ತೋರಿಸುತ್ತಿದ್ದರೆ, ಬೆರಳಿನಿಂದ ಮುಂದೆ ಎಳೆದಾಗ ಎಲ್ಲೆಲ್ಲಿಗೋ ಹೋಗುತ್ತಿದ್ದರೆ ಅದನ್ನು ಬಳಸಿ.

ಕೆಲವು ಫೈಲ್‌ಗಳನ್ನು ಪ್ಲೇಯರ್ ಮುಟ್ಟುವುದೇ ಇಲ್ಲ, ನೇರ ಮುಂದಿನದಕ್ಕೆ ಹೋಗುತ್ತದೆ. ಹಳೇ ಕಾಲದಲ್ಲಿ ಸಿಡಿಯಿಂದ ಕಂಪ್ಯೂಟರ್‌ಗೆ ಇಳಿಸಿಕೊಂಡ ಡಬ್ಲ್ಯೂಎಂಎ ಫೈಲ್‌ಗಳು ಬಹಳ ಮನೆಗಳಲ್ಲಿ ಇವೆ. ಎಷ್ಟೋ ಫೋನ್ ಪ್ಲೇಯರ್‌ಗಳಿಗೆ ಅದನ್ನು ಓದಲು ಬರುವುದಿಲ್ಲ. ಅಂಥವನ್ನು ವಿಎಲ್‌ಸಿಯಲ್ಲಿ ಕೇಳಿ ಅಥವಾ ಎಂಪಿ3 ಮಾಡಿಕೊಳ್ಳಿ. ಇನ್ನು ಫೋಲ್ಡರ್ ಬದಲಾಯಿಸಿದ ಮೇಲೆ ಹಾಡು ಹಾರುತ್ತಿದ್ದರೆ ಪ್ಲೇಯರ್ ಇನ್ನೂ ಹಳೇ ವಿಳಾಸದಲ್ಲೇ ಹುಡುಕುತ್ತಿರುತ್ತದೆ. ಪ್ಲೇಯರ್ ಸೆಟ್ಟಿಂಗ್ಸ್‌ನಲ್ಲಿ ಲೈಬ್ರರಿ ರೀಸ್ಕ್ಯಾನ್ ಕೊಟ್ಟರೆ ಮುಗಿಯಿತು.

ಮೆಮೊರಿ ಕಾರ್ಡ್

ಒಂದು ಮಾತು ಮೊದಲೇ ಹೇಳುತ್ತೇನೆ: ಸರಿ ಇರುವ ಯಾವ ಕಾರ್ಡ್ ಕೂಡ ಹಾಡಿಗೆ ನಿಧಾನ ಅಲ್ಲ. ಕ್ಲಾಸ್ 10 ಕಾರ್ಡ್ ಅಂದರೆ ಸೆಕೆಂಡ್‌ಗೆ ಕನಿಷ್ಠ 10 ಎಂಬಿ ಬರೆಯಬೇಕು. 320ರ ಎಂಪಿ3ಗೆ ಬೇಕಾಗಿರುವುದು ಸೆಕೆಂಡ್‌ಗೆ 40 ಕಿಲೋಬೈಟ್. ಹಾಗಾಗಿ "ಇನ್ನೂ ಫಾಸ್ಟ್ ಕಾರ್ಡ್ ತಗೊಳ್ಳಿ" ಅನ್ನುವ ಸಲಹೆ ಕೇಳಿ ದುಡ್ಡು ಹಾಕಬೇಡಿ. ಹಾಡು ಕಡಿಯುತ್ತಿದ್ದರೆ ಕಾರ್ಡ್ ಸಾಯುತ್ತಿದೆ, ಇಲ್ಲವೇ ನಕಲಿ, ಇಲ್ಲವೇ ಸರಿಯಾಗಿ ಕೂತಿಲ್ಲ.

ಗೊತ್ತುಮಾಡಿಕೊಳ್ಳಲು ಕಡಿಯುವ ಹಾಡುಗಳಲ್ಲಿ ಒಂದಷ್ಟನ್ನು ಫೋನ್‌ನ ಒಳಗಿನ ಸ್ಟೋರೇಜ್‌ಗೆ ಕಾಪಿ ಮಾಡಿ ಅಲ್ಲಿಂದ ಕೇಳಿ. ಕಾಪಿ ಆಗುವಾಗಲೇ ಎರರ್ ಬಂದರೆ, ಇಲ್ಲವೇ ಕಾಪಿ ಒಂದೇ ಕಡೆ ನಿಂತುಕೊಂಡರೆ, ಕಾರ್ಡ್ ಹೋಗಿದೆ ಅಂತಲೇ ತಿಳಿಯಿರಿ. ತಡಮಾಡದೆ ಓದಲು ಸಿಗುವಷ್ಟನ್ನು ಹೊರಗೆ ತೆಗೆದುಕೊಳ್ಳಿ, ಹಾಡು ಆಮೇಲೆ, ಫೋಟೋಗಳು ಮೊದಲು. ಅಪ್ಪನ ಎರಡನೇ ತೊಂದರೆ ಇದೇ ಆಗಿತ್ತು. ಒಂದೊಂದು ಸಲ ಒಂದೊಂದು ಕಡೆ ಕಡಿಯುತ್ತಿದ್ದ ಆ ಪ್ರಸಂಗ ಫೋನ್ ಒಳಗೆ ಬಂದ ಮೇಲೆ ಒಮ್ಮೆಯೂ ಕಡಿಯಲಿಲ್ಲ.

ನಕಲಿ ಕಾರ್ಡ್ ಇನ್ನೂ ಮೋಸ. ಮೇಲೆ 64 ಜಿಬಿ ಅಂತ ಬರೆದಿರುತ್ತದೆ, ಫೋನ್‌ನಲ್ಲೂ 64 ತೋರಿಸುತ್ತದೆ, ಒಳಗೆ ನಿಜಕ್ಕೂ ಇರುವುದು 8. ಎಂಟು ತುಂಬುವ ತನಕ ಎಲ್ಲ ಚೆನ್ನಾಗಿರುತ್ತದೆ. ಆಮೇಲೆ ಹಾಕಿದ ಹಾಡುಗಳ ಹೆಸರು, ಸೈಜ್ ಎಲ್ಲ ಸರಿ ಕಾಣುತ್ತದೆ, ಒಳಗೆ ಮಾತ್ರ ಏನೂ ಇರುವುದಿಲ್ಲ. ಫುಟ್‌ಪಾತ್‌ನಲ್ಲಿ ಅರ್ಧ ಬೆಲೆಗೆ ಸಿಕ್ಕ ಕಾರ್ಡ್ ಆಗಿದ್ದರೆ ಪರೀಕ್ಷೆ ಮಾಡಿಯೇ ನಂಬಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ಗಳಿವೆ. ಕಾರ್ಡ್ ತುಂಬ ಬರೆದು, ಮತ್ತೆ ಓದಿ, ನಿಜವಾದ ಅಳತೆ ಹೇಳುತ್ತವೆ. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಾಕಿ ಮಲಗಿ.

ಇದೆಲ್ಲಕ್ಕೂ ಮೊದಲು ಫೋನ್ ಸ್ವಿಚ್ ಆಫ್ ಮಾಡಿ, ಟ್ರೇ ತೆಗೆದು, ಕಾರ್ಡ್‌ನ ಹಳದಿ ಕಾಲುಗಳನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮತ್ತೆ ಕೂರಿಸಿ ನೋಡಿ. ಪ್ಲೇಯರ್ ಆ್ಯಪ್ ಅನ್ನೇ ಕಾರ್ಡ್‌ಗೆ ಸರಿಸಿದ್ದರೆ ಅದನ್ನು ಒಳಗಿನ ಸ್ಟೋರೇಜ್‌ಗೆ ವಾಪಸ್ ತನ್ನಿ. ಒಳಗಿನ ಸ್ಟೋರೇಜ್ ಪೂರ್ತಿ ತುಂಬಿ ಉಸಿರು ಕಟ್ಟಿದ್ದರೂ ಫೋನ್ ಎಡವುತ್ತದೆ, ಒಂದೆರಡು ಜಿಬಿ ಆದರೂ ಖಾಲಿ ಇರಲಿ.

ಪರದೆ ಆಫ್ ಆದ ಮೇಲೆ ನಿಲ್ಲುವುದು

ಇದು ಈಗಿನ ಫೋನ್‌ಗಳಲ್ಲಿ ಅತಿ ಜಾಸ್ತಿ ಕಾಣುವ ತೊಂದರೆ, ಅಪ್ಪನ ಮೂರನೆಯದೂ ಇದೇ. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಫೋನ್ ಸುಮ್ಮನೆ ಬಿದ್ದಿರುವಾಗ ಆ್ಯಪ್‌ಗಳನ್ನು ಮಲಗಿಸುವ ಡೋಜ್ ಅನ್ನುವ ವ್ಯವಸ್ಥೆ ಇದೆ. ಅದು ಹಾಡು ನುಡಿಸುತ್ತಿರುವ ಆ್ಯಪ್‌ಗೆ ತೊಂದರೆ ಕೊಡಬಾರದು. ಆದರೆ ಅದರ ಮೇಲೆ ಎಷ್ಟೋ ಫೋನ್ ಕಂಪನಿಗಳು ತಮ್ಮದೇ ಬ್ಯಾಟರಿ ಉಳಿಸುವ ಕಾವಲುಗಾರನನ್ನು ಇಟ್ಟಿವೆ. ಪರದೆ ಆಫ್ ಆಗಿ ಸ್ವಲ್ಪ ಹೊತ್ತಾದರೆ ಅದು ಪ್ಲೇಯರ್ ಅನ್ನೂ ಮುಚ್ಚುತ್ತದೆ. ಅಡಿಕೆ ಸುಲಿಯುವಾಗ ಕೈ ಪೂರ್ತಿ ಚೊಗರು, ಅಪ್ಪ ಪ್ರತಿ ಸಲ ಎದ್ದು ಕೈ ತೊಳೆದು ಬಂದು ಫೋನ್ ಮುಟ್ಟಬೇಕಿತ್ತು. ನನಗೆ ಬೇಜಾರಾದದ್ದು ಅದಕ್ಕೇ.

ಮಾಡಬೇಕಾದದ್ದು ಇಷ್ಟು. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್ಸ್ ತೆರೆಯಿರಿ, ನಿಮ್ಮ ಪ್ಲೇಯರ್ ಹೆಸರು ಒತ್ತಿ, ಅದರೊಳಗೆ ಬ್ಯಾಟರಿ ತೆರೆಯಿರಿ. ಅಲ್ಲಿ ಆಪ್ಟಿಮೈಸ್ಡ್ ಅಂತ ಇದ್ದದ್ದನ್ನು ಅನ್‌ರಿಸ್ಟ್ರಿಕ್ಟೆಡ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಬ್ಯಾಟರಿ ಒಳಗೆ ಸ್ಲೀಪಿಂಗ್ ಆ್ಯಪ್ಸ್, ಡೀಪ್ ಸ್ಲೀಪಿಂಗ್ ಆ್ಯಪ್ಸ್ ಅಂತ ಪಟ್ಟಿಗಳಿರುತ್ತವೆ. ಅವುಗಳಿಂದ ಪ್ಲೇಯರ್ ತೆಗೆದು ನೆವರ್ ಸ್ಲೀಪಿಂಗ್ ಪಟ್ಟಿಗೆ ಹಾಕಿ. ಶಓಮಿ, ರೆಡ್‌ಮಿ, ಪೋಕೋಗಳಲ್ಲಿ ಆ್ಯಪ್‌ನ ಬ್ಯಾಟರಿ ಸೇವರ್ ಒಳಗೆ ನೋ ರಿಸ್ಟ್ರಿಕ್ಷನ್ಸ್ ಆರಿಸಿ, ಆಟೋಸ್ಟಾರ್ಟ್ ಕೂಡ ಆನ್ ಮಾಡಿ. ಒಪ್ಪೊ, ರಿಯಲ್‌ಮಿ, ವಿವೊ, ಒನ್‌ಪ್ಲಸ್‌ಗಳಲ್ಲಿ ಬ್ಯಾಕ್‌ಗ್ರೌಂಡ್‌ನಲ್ಲಿ ನಡೆಯಲು ಬಿಡುವ ಆಯ್ಕೆ ಹುಡುಕಿ ಆನ್ ಮಾಡಿ. ಜೊತೆಗೆ, ತೆರೆದಿರುವ ಆ್ಯಪ್‌ಗಳ ಪಟ್ಟಿಯಲ್ಲಿ ಪ್ಲೇಯರ್ ಚಿತ್ರವನ್ನು ಒತ್ತಿ ಹಿಡಿದರೆ ಬಹಳಷ್ಟು ಫೋನ್‌ಗಳಲ್ಲಿ ಬೀಗದ ಗುರುತು ಬರುತ್ತದೆ. ಅದನ್ನು ಹಾಕಿಬಿಡಿ, "ಕ್ಲಿಯರ್ ಆಲ್" ಒತ್ತಿದರೂ ಪ್ಲೇಯರ್ ಉಳಿಯುತ್ತದೆ.

ಮನೆಯವರ ಫೋನ್‌ನಲ್ಲಿ ಕ್ಲೀನರ್, ಬೂಸ್ಟರ್ ಅಂತ ಆ್ಯಪ್ ಇದ್ದರೆ ತೆಗೆದುಹಾಕಿ. ಮೆಮೊರಿ ಖಾಲಿ ಮಾಡುತ್ತೇನೆ ಅಂತ ಅವು ನುಡಿಯುತ್ತಿರುವ ಹಾಡನ್ನೇ ನಿಲ್ಲಿಸುತ್ತವೆ. ಬ್ಯಾಟರಿ ಸೇವರ್ ಸದಾ ಆನ್ ಇದೆಯಾ ಅಂತಲೂ ನೋಡಿ. ಮತ್ತೆ ಸ್ಲೀಪ್ ಟೈಮರ್! ಪ್ರತಿ ರಾತ್ರಿ ಸರಿಯಾಗಿ ಅರ್ಧ ಗಂಟೆಗೋ ಒಂದು ಗಂಟೆಗೋ ನಿಲ್ಲುತ್ತಿದ್ದರೆ ಯಾವತ್ತೋ ಇಟ್ಟ ಟೈಮರ್ ಇನ್ನೂ ಕೂತಿರಬಹುದು.

ಪ್ಲೇಯರ್ ಒಳಗಿನ ಸೆಟ್ಟಿಂಗ್‌ಗಳು

ಬಫರ್ ಅಂದರೆ ಪ್ಲೇಯರ್ ಹಾಡನ್ನು ಸ್ವಲ್ಪ ಮುಂದಾಗಿಯೇ ಓದಿಟ್ಟುಕೊಳ್ಳುವ ಜಾಗ, ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಮೋಟರ್ ಒಂದು ಗಳಿಗೆ ನಿಂತರೂ ನಲ್ಲಿಯಲ್ಲಿ ನೀರು ಬರುತ್ತಿರುತ್ತದೆ. ಟ್ಯಾಂಕ್ ಚಿಕ್ಕದಿದ್ದರೆ ಫೋನ್ ಬೇರೆ ಕೆಲಸಕ್ಕೆ ತಿರುಗಿದ ಕೂಡಲೇ ಹಾಡು ಕಡಿಯುತ್ತದೆ. ನಿಮ್ಮ ಪ್ಲೇಯರ್‌ನ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಬಫರ್ ಸೈಜ್ ಇದ್ದರೆ ಒಂದು ಹಂತ ಜಾಸ್ತಿ ಮಾಡಿ ನೋಡಿ. ಹಾಡು ಶುರುವಾಗಲು ಚೂರು ತಡ ಆಗಬಹುದು, ಅದರಿಂದ ನಷ್ಟವಿಲ್ಲ. ವಿಎಲ್‌ಸಿಯಂಥ ಆ್ಯಪ್‌ಗಳಲ್ಲಿ ಆಡಿಯೋ ಔಟ್‌ಪುಟ್ ಯಾವುದು ಅಂತ ಆರಿಸಲು ಬಿಡುತ್ತಾರೆ. ಆಡಿಯೋಟ್ರ್ಯಾಕ್ ಇದ್ದರೆ ಓಪನ್‌ಎಸ್‌ಎಲ್, ಅದು ಇದ್ದರೆ ಇದು, ಬದಲಾಯಿಸಿ ಕೇಳಿ.

ಈಕ್ವಲೈಸರ್ (ಬಾಸ್, ಟ್ರೆಬಲ್ ಹೆಚ್ಚುಕಡಿಮೆ ಮಾಡುವುದು) ಎರಡು ಕಡೆ ಆನ್ ಇರುವುದು ಬಹಳ ಸಾಮಾನ್ಯ. ಪ್ಲೇಯರ್‌ನಲ್ಲಿ ಒಂದು, ಫೋನ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಡಾಲ್ಬಿ ಥರದ್ದು ಇನ್ನೊಂದು. ಎರಡನ್ನೂ ಆಫ್ ಮಾಡಿ ಕೇಳಿ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಇದೊಂದರಿಂದಲೇ ಸರಿಹೋದದ್ದು ನಾನು ಕಂಡಿದ್ದೇನೆ. ಒಂದು ಹಾಡಿನ ಕೊನೆಯನ್ನು ಮುಂದಿನದರ ಶುರುವಿಗೆ ಬೆರೆಸುವ ಕ್ರಾಸ್‌ಫೇಡ್ ಕೂಡ ಆಫ್ ಮಾಡಿ, ಹಾಡಿನ ಕೊನೆ ಕಡಿದಂತೆ ಕೇಳುವುದು ಅದರಿಂದಲೇ ಇರಬಹುದು. ಫೋನ್ ಅಲ್ಲಾಡಿಸಿದರೆ ಮುಂದಿನ ಹಾಡು ಅನ್ನುವ ಸೌಲಭ್ಯ ಕೆಲವು ಪ್ಲೇಯರ್‌ಗಳಲ್ಲಿದೆ. ನಡೆಯುವಾಗ, ಬೈಕ್‌ನಲ್ಲಿ ಹಂಪ್ ಹಾರಿಸುವಾಗ ಮಾತ್ರ ಹಾಡು ಹಾರುತ್ತಿದ್ದರೆ ಮೊದಲು ಅದನ್ನೇ ನೋಡಿ.

ತಾಳಮದ್ದಲೆ, ಹರಿಕಥೆ, ಭಾಷಣ ಕೇಳುವವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಪಾಡ್‌ಕಾಸ್ಟ್ ಆ್ಯಪ್‌ಗಳಲ್ಲಿ, ಕೆಲವು ಪ್ಲೇಯರ್‌ಗಳಲ್ಲಿ ಸ್ಕಿಪ್ ಸೈಲೆನ್ಸ್ ಅಂತ ಒಂದು ಆಯ್ಕೆ ಇರುತ್ತದೆ. ಸದ್ದಿಲ್ಲದ ಜಾಗ ಬಂದರೆ ಅದನ್ನು ನುಂಗಿ ಮುಂದೆ ಹೋಗುತ್ತದೆ. ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವನು, ಎದುರಿನವರಿಗೆ ಒಂದು ಪ್ರಶ್ನೆ ಹಾಕಿ ಎರಡು ಸೆಕೆಂಡ್ ಸುಮ್ಮನಿರುತ್ತಾನಲ್ಲ, ಆ ಮೌನದಲ್ಲಿ ಪ್ರಶ್ನೆಯ ತೂಕ ಇರುತ್ತದೆ. ಅದನ್ನೇ ಆ್ಯಪ್ ಕತ್ತರಿಸಿ ಬಿಸಾಡಿದರೆ ಕೇಳಿ ಏನು ಸುಖ? ಆಫ್ ಮಾಡಿ.

ಇಷ್ಟಾದರೂ ಹೋಗದಿದ್ದರೆ ಆ್ಯಪ್‌ನ ಕ್ಯಾಶ್ ಕ್ಲಿಯರ್ ಮಾಡಿ. ಕ್ಲಿಯರ್ ಸ್ಟೋರೇಜ್ ಅಥವಾ ಕ್ಲಿಯರ್ ಡೇಟಾ ಅನ್ನುವುದು ಬೇರೆ, ಜಾಗ್ರತೆ. ಅದನ್ನು ಒತ್ತಿದರೆ ನೀವು ಮಾಡಿಟ್ಟ ಪ್ಲೇಲಿಸ್ಟ್, ಆ್ಯಪ್ ಒಳಗೆ ಡೌನ್‌ಲೋಡ್ ಮಾಡಿದ ಹಾಡು ಎಲ್ಲ ಹೋಗುತ್ತದೆ.

ವೈರ್ ಇಯರ್‌ಫೋನ್

ವೈರ್ ಹಾಕಿದಾಗ ಮಾತ್ರ ಹಾಡು ತಾನಾಗಿ ನಿಲ್ಲುವುದು, ಮುಂದಿನದಕ್ಕೆ ಹೋಗುವುದು ಆದರೆ ಅದು ಬಟನ್‌ನ ಕೆಲಸ. ಮೈಕ್ ಇರುವ ಇಯರ್‌ಫೋನ್‌ನ ಪಿನ್‌ನಲ್ಲಿ ಮೂರು ಕಪ್ಪು ಗೆರೆ, ನಾಲ್ಕು ಲೋಹದ ಭಾಗ ಇರುತ್ತದೆ. ಅದರಲ್ಲಿ ಒಂದು ಮೈಕ್‌ಗೆ. ಬಟನ್ ಒತ್ತಿದಾಗ ಮೈಕ್‌ನ ತಂತಿ ಗ್ರೌಂಡ್ (ಅರ್ಥಿಂಗ್) ತಂತಿಗೆ ತಾಗುತ್ತದೆ, ಫೋನ್ ಅದನ್ನು "ನಿಲ್ಲಿಸು" ಅಂತ ಓದುತ್ತದೆ. ಎರಡು ಸಲ ಬೇಗ ಬೇಗ ತಾಗಿದರೆ "ಮುಂದಿನ ಹಾಡು". ಬೆವರು, ತೇವ, ಸಡಿಲ ಪಿನ್, ಇವೂ ಅದೇ ಎರಡನ್ನು ತಾಗಿಸುತ್ತವೆ. ಫೋನ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಪಿನ್ ಪೂರ್ತಿ ಒಳಗೆ ಹೋಗುತ್ತಿದೆಯಾ ನೋಡಿ. "ಟಿಕ್" ಅಂತ ಕೂರಬೇಕು. ಕೂರುತ್ತಿಲ್ಲ ಅಂದರೆ ತೂತಿನೊಳಗೆ ಟಾರ್ಚ್ ಬಿಡಿ. ಅಂಗಿ ಜೇಬಿನ ನೂಲು, ಧೂಳು ದಿನ ದಿನ ಒತ್ತಿ ಒತ್ತಿ ತಳದಲ್ಲಿ ಬೂದು ಬಣ್ಣದ ಸಣ್ಣ ಬಿಲ್ಲೆ ಆಗಿರುತ್ತದೆ. ಫೋನ್ ಆಫ್ ಮಾಡಿ, ಮರದ ಟೂತ್‌ಪಿಕ್‌ನ ತುದಿಯಿಂದ ಅಂಚಿನಲ್ಲಿ ಮೆಲ್ಲಗೆ ಕೆರೆದು ಎತ್ತಿ. ತಳಕ್ಕೆ ಚುಚ್ಚಬೇಡಿ, ಸೂಜಿ, ಪಿನ್ನು ಹಾಕಲೇಬೇಡಿ. ಬಾಯಿಂದ ಊದಿದರೆ ಎಂಜಲಿನ ತೇವ ಒಳಗೆ ಹೋಗುತ್ತದೆ, ಅದೂ ಬೇಡ. ಟೈಪ್ ಸಿ ತೂತಿಗೂ ಇದೇ ಕ್ರಮ, ಅಲ್ಲಿ ನಡುವೆ ತೆಳು ನಾಲಿಗೆ ಇರುವುದರಿಂದ ಇನ್ನೂ ಹಗುರ ಕೈ ಬೇಕು.

ಆಮೇಲೆ ಹಾಡು ಹಾಕಿ, ಪಿನ್ ಹತ್ತಿರ, ಬಟನ್ ಹತ್ತಿರ, ವೈರ್ ಕವಲಾಗುವ ಕಡೆ ಮೆಲ್ಲಗೆ ಬಗ್ಗಿಸಿ ನೋಡಿ. ಬಗ್ಗಿಸಿದಾಗ ಕಡಿದರೆ ಒಳಗೆ ತಂತಿ ಹರಿದಿದೆ. ಬೇರೆ ಇಯರ್‌ಫೋನ್ ಹಾಕಿ ಖಾತ್ರಿ ಮಾಡಿಕೊಳ್ಳಿ.

ಬ್ಲೂಟೂತ್

ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ. ಹಳೇ ವೈಫೈ ಕೂಡ ಅಲ್ಲೇ, ಅಡುಗೆಮನೆಯ ಮೈಕ್ರೋವೇವ್ ಕೂಡ ಅಲ್ಲೇ. ಜಗಳ ಆಗದಿರಲಿ ಅಂತ ಬ್ಲೂಟೂತ್ ಒಂದು ಸೆಕೆಂಡ್‌ಗೆ 1600 ಸಲ 79 ಚಾನೆಲ್‌ಗಳ ನಡುವೆ ಜಿಗಿಯುತ್ತಿರುತ್ತದೆ, ಗದ್ದಲ ಇರುವ ಚಾನೆಲ್ ಬಿಟ್ಟು ಜಿಗಿಯಲೂ ಅದಕ್ಕೆ ಬರುತ್ತದೆ. ಎಲ್ಲ ಕಡೆಯೂ ಗದ್ದಲ ಆದಾಗ ಮಾತ್ರ ಅದಕ್ಕೂ ದಾರಿ ಇಲ್ಲ.

ಬಹಳ ಜನ ಕೇಳುವ ಪ್ರಶ್ನೆ: ಮನೆಯೊಳಗೆ ಚೆನ್ನಾಗಿ ಬರುತ್ತದೆ, ಬಯಲಿಗೆ ವಾಕಿಂಗ್ ಹೋದರೆ ಕಡಿಯುತ್ತದೆ, ಯಾಕೆ? ಬಯಲಲ್ಲಿ ಅಡ್ಡಿ ಕಡಿಮೆ ಅಲ್ವಾ? ಅಡ್ಡಿ ಆಗುತ್ತಿರುವುದು ನಿಮ್ಮ ಮೈ. ಮೈಯಲ್ಲಿ ನೀರೇ ಜಾಸ್ತಿ, ನೀರು ಈ ಅಲೆಗಳನ್ನು ಹೀರುತ್ತದೆ. ಫೋನ್ ಎಡಗಡೆ ಹಿಂದಿನ ಜೇಬಿನಲ್ಲಿ, ಸಿಗ್ನಲ್ ಹಿಡಿಯುವ ಬಡ್ ಬಲಗಿವಿಯಲ್ಲಿ ಇದ್ದರೆ ನಡುವೆ ಇಡೀ ದೇಹ. ಮನೆಯೊಳಗೆ ಗೋಡೆ, ಸೂರಿಗೆ ಬಡಿದು ವಾಪಸ್ ಬಂದ ಅಲೆಗಳು ಸುತ್ತಿಬಳಸಿ ಕಿವಿ ತಲುಪುತ್ತವೆ. ಬಯಲಲ್ಲಿ ಬಡಿದು ಬರಲು ಗೋಡೆಯೇ ಇಲ್ಲ. ಹಾಗಾಗಿ ಫೋನ್ ಅನ್ನು ಅಂಗಿಯ ಮೇಲು ಜೇಬಿಗೆ ಹಾಕಿ, ಇಲ್ಲವೇ ಇನ್ನೊಂದು ಬದಿಯ ಜೇಬಿಗೆ ಬದಲಾಯಿಸಿ ನಡೆದು ನೋಡಿ. ಇದರಿಂದಲೇ ಸರಿಯಾದರೆ ಬೇರೇನೂ ಮಾಡಬೇಕಾಗಿಲ್ಲ.

ಮನೆಯಲ್ಲೇ ಕಡಿಯುತ್ತಿದ್ದರೆ ಫೋನ್‌ನ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ರೂಟರ್ ಎರಡು ಹೆಸರು ತೋರಿಸುತ್ತಿದ್ದರೆ 5 ಅಂತ ಇರುವುದಕ್ಕೆ ಸೇರಿಕೊಳ್ಳಿ. ಲೊಕೇಶನ್ ಸೆಟ್ಟಿಂಗ್ಸ್ ಒಳಗೆ ವೈಫೈ ಸ್ಕ್ಯಾನಿಂಗ್, ಬ್ಲೂಟೂತ್ ಸ್ಕ್ಯಾನಿಂಗ್ ಅಂತ ಎರಡು ಇರುತ್ತವೆ, ವೈಫೈ ಆಫ್ ಇದ್ದಾಗಲೂ ಇವು ಹುಡುಕುತ್ತಲೇ ಇರುತ್ತವೆ. ಆಫ್ ಮಾಡಿ ನೋಡಿ. ಸ್ಮಾರ್ಟ್‌ವಾಚ್ ಇದ್ದರೆ ಒಂದು ಗಂಟೆ ಬಿಚ್ಚಿಟ್ಟು ಕೇಳಿ. ಇಯರ್‌ಬಡ್ಸ್ ಲ್ಯಾಪ್‌ಟಾಪ್‌ಗೂ ಒಟ್ಟಿಗೆ ಸೇರಿಕೊಂಡಿದ್ದರೆ ಅಲ್ಲಿ ಬಂದ ಒಂದು ಸಣ್ಣ ಟಣ್ ಸದ್ದಿಗೂ ಇಲ್ಲಿ ಹಾಡು ಕಡಿಯುತ್ತದೆ. ಬಡ್ ಕಿವಿಯಲ್ಲಿ ಸಡಿಲ ಇದ್ದರೆ, ಕಿವಿಯಿಂದ ತೆಗೆದರು ಅಂತ ಭಾವಿಸಿ ಅದು ಹಾಡು ನಿಲ್ಲಿಸಬಹುದು. ಬಡ್ಸ್ ಆ್ಯಪ್‌ನಲ್ಲಿ ಆ ಆಯ್ಕೆ ಆಫ್ ಮಾಡಿ.

ಆಮೇಲೆ ಹಳೇ ಜೋಡಣೆ ಅಳಿಸಿ. ಬ್ಲೂಟೂತ್ ಪಟ್ಟಿಯಲ್ಲಿ ಆ ಇಯರ್‌ಫೋನ್ ಪಕ್ಕದ ಗುರುತು ಒತ್ತಿ ಫರ್ಗೆಟ್ ಕೊಡಿ, ಬಡ್ಸ್ ಅನ್ನು ಅದರ ಪುಸ್ತಿಕೆಯಲ್ಲಿ ಹೇಳಿದಂತೆ ರೀಸೆಟ್ ಮಾಡಿ, ಮತ್ತೆ ಜೋಡಿಸಿ.

ಇಷ್ಟಕ್ಕೂ ಹೋಗದಿದ್ದರೆ ಕೋಡೆಕ್, ಅಂದರೆ ಬ್ಲೂಟೂತ್‌ನಲ್ಲಿ ಕಳಿಸಲು ಹಾಡನ್ನು ಒತ್ತಿ ಚಿಕ್ಕದು ಮಾಡುವ ವಿಧಾನ, ನೋಡಬೇಕು. ಅಬೌಟ್ ಫೋನ್ ಒಳಗೆ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ಬ್ಲೂಟೂತ್ ಆಡಿಯೋ ಕೋಡೆಕ್ ಹುಡುಕಿ. ಎಲ್‌ಡಿಎಸಿ ಅನ್ನುವ ಕೋಡೆಕ್ ಇದ್ದರೆ ಅದು ಸೆಕೆಂಡ್‌ಗೆ 330, 660, 990 ಕಿಲೋಬಿಟ್ ಹೀಗೆ ಮೂರು ಮಟ್ಟದಲ್ಲಿ ಕಳಿಸುತ್ತದೆ. 990ಕ್ಕೆ ಕಟ್ಟಿಹಾಕಿದ್ದರೆ ಬಸ್‌ಸ್ಟ್ಯಾಂಡ್‌ನಂಥ ಜನ ತುಂಬಿದ ಜಾಗದಲ್ಲಿ ಕಡಿಯುವುದು ಸಹಜ. ಇಳಿಸಿ, ಇಲ್ಲವೇ ಎಎಸಿ ಅಥವಾ ಎಸ್‌ಬಿಸಿಗೆ ಬನ್ನಿ. ಎಸ್‌ಬಿಸಿ ಎಲ್ಲದರಲ್ಲೂ ಇರುವ ಮೂಲ ಕೋಡೆಕ್, ಒಳ್ಳೆಯ ಮಟ್ಟದಲ್ಲಿ 328 ಕಿಲೋಬಿಟ್ ಕಳಿಸುತ್ತದೆ. 128ರ ಹಳೇ ಭಾವಗೀತೆಗೆ ಅದಕ್ಕಿಂತ ಜಾಸ್ತಿ ಬೇಕಿಲ್ಲ. ಅದೇ ಜಾಗದಲ್ಲಿ ಎ2ಡಿಪಿ ಹಾರ್ಡ್‌ವೇರ್ ಆಫ್‌ಲೋಡ್ (ಬ್ಲೂಟೂತ್ ಹಾಡಿನ ಕೆಲಸವನ್ನು ಬೇರೆ ಚಿಪ್‌ಗೆ ವಹಿಸುವುದು) ನಿಲ್ಲಿಸುವ ಸ್ವಿಚ್ ಇದೆ. ಅದನ್ನು ಆನ್ ಮಾಡಿ ಫೋನ್ ರೀಸ್ಟಾರ್ಟ್ ಮಾಡಿ ನೋಡಬಹುದು. ಫಲ ಕಾಣದಿದ್ದರೆ ಮೊದಲಿನಂತೆ ಇಡಿ. ಅಲ್ಲಿರುವ ಬೇರೆ ಸ್ವಿಚ್‌ಗಳನ್ನು ಮುಟ್ಟಬೇಡಿ.

ಆನ್‌ಲೈನ್ ಹಾಡು

ಸ್ಟ್ರೀಮಿಂಗ್ ಆ್ಯಪ್ ಆದರೆ ಕೆಲಸ ಕಡಿಮೆ. ಹಾಡಿನ ಗುಣಮಟ್ಟ ಒಂದು ಹಂತ ಇಳಿಸಿ. 160 ಕಿಲೋಬಿಟ್‌ಗೆ ಗಂಟೆಗೆ 72 ಎಂಬಿ ಸಾಕು, 320ಕ್ಕೆ ಅದರ ಎರಡರಷ್ಟು. ಡೇಟಾ ಸೇವರ್ ಆನ್ ಇದ್ದರೆ ಆ ಆ್ಯಪ್‌ಗೆ ವಿನಾಯಿತಿ ಕೊಡಿ. ಬೆಂಗಳೂರಿಂದ ಮಂಗಳೂರಿಗೆ ರೈಲಿನಲ್ಲಿ ಹೋಗುವವರು ಹೊರಡುವ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಸಕಲೇಶಪುರ ದಾಟಿದ ಮೇಲೆ ಸುಬ್ರಹ್ಮಣ್ಯ ರೋಡ್ ತನಕ 57 ಸುರಂಗ, ಕಾಡು, ಅಲ್ಲಿ ಯಾವ ಸೆಟ್ಟಿಂಗ್ ಕೂಡ ಸಿಗ್ನಲ್ ತರುವುದಿಲ್ಲ. ಡೌನ್‌ಲೋಡ್ ಮಾಡಿದ್ದೂ ಹಾರುತ್ತಿದ್ದರೆ ಒಮ್ಮೆ ನೆಟ್‌ಗೆ ಸೇರಿಸಿ. ಸ್ಪಾಟಿಫೈನಲ್ಲಿ, ಯೂಟ್ಯೂಬ್ ಮ್ಯೂಸಿಕ್‌ನಲ್ಲಿ 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಬರದಿದ್ದರೆ ಇಳಿಸಿಟ್ಟ ಹಾಡು ನುಡಿಯುವುದಿಲ್ಲ.

ಐಫೋನ್‌ನವರಿಗೆ ಬ್ಯಾಟರಿ ಕಾವಲುಗಾರನ ಕಾಟ ಕಡಿಮೆ, ಕೋಡೆಕ್ ಬದಲಾಯಿಸಲು ದಾರಿಯೂ ಇಲ್ಲ. ಚೀಟಿ ಪರೀಕ್ಷೆ, ಜೇಬಿನ ಪರೀಕ್ಷೆ, ಫರ್ಗೆಟ್ ಮಾಡಿ ಮತ್ತೆ ಜೋಡಿಸುವುದು ಅಲ್ಲೂ ಹಾಗೆಯೇ. ಒಂದೇ ಹಾಡು ಒಂದೇ ಕಡೆ ಕಡಿದರೆ ಅದನ್ನು ಅಳಿಸಿ ಮತ್ತೆ ಇಳಿಸಿಕೊಳ್ಳಿ.

ಏನೂ ಕೆಲಸಕ್ಕೆ ಬರದಿದ್ದರೆ

ಫೋನ್ ಮತ್ತು ಆ್ಯಪ್ ಅಪ್‌ಡೇಟ್ ಮಾಡಿ. ಆಮೇಲೆ ಸೆಟ್ಟಿಂಗ್ಸ್‌ನ ರೀಸೆಟ್ ಆಯ್ಕೆಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಮಾತ್ರ ರೀಸೆಟ್ ಮಾಡುವುದು ಇದೆ, ಅದನ್ನು ಮಾಡಿ. ವೈಫೈ ಪಾಸ್‌ವರ್ಡ್‌ಗಳು ಅಳಿಸಿಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಬೇರೆ ಆ್ಯಪ್ ಮೇಲೆ ಅನುಮಾನ ಇದ್ದರೆ ಸೇಫ್ ಮೋಡ್‌ಗೆ ಹೋಗಿ. ಅಲ್ಲಿ ನೀವು ಹಾಕಿಕೊಂಡ ಆ್ಯಪ್‌ಗಳು ನಡೆಯುವುದಿಲ್ಲ, ಫೋನ್ ಜೊತೆ ಬಂದ ಪ್ಲೇಯರ್ ಅಥವಾ ಫೈಲ್ಸ್ ಆ್ಯಪ್‌ನಲ್ಲೇ ಹಾಡು ಹಾಕಿ ಕೇಳಿ. ಅಲ್ಲಿ ಸರಿ ಬಂದರೆ ಇತ್ತೀಚೆಗೆ ಹಾಕಿದ ಆ್ಯಪ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಬನ್ನಿ. ಬಿಸಿಲಲ್ಲಿ, ಚಾರ್ಜ್ ಆಗುತ್ತಿರುವಾಗ ಫೋನ್ ಕೈಸುಡುವಷ್ಟು ಬಿಸಿಯಾಗಿ ಕಡಿಯುತ್ತಿದ್ದರೆ ಕವರ್ ತೆಗೆದು ನೆರಳಿಗೆ ಇಟ್ಟು ಮತ್ತೆ ಕೇಳಿ.

ಫ್ಯಾಕ್ಟರಿ ರೀಸೆಟ್ ತನಕ ಹೋಗುವ ಮೊದಲು ಎಲ್ಲದರ ಬ್ಯಾಕಪ್ ತೆಗೆದುಕೊಳ್ಳಿ. ರೀಸೆಟ್ ಆದ ಮೇಲೂ, ಏರೋಪ್ಲೇನ್ ಮೋಡ್‌ನಲ್ಲಿ, ಒಳಗಿನ ಸ್ಟೋರೇಜ್‌ನ ಒಳ್ಳೆಯ ಫೈಲ್ ಫೋನ್ ಸ್ಪೀಕರ್‌ನಲ್ಲೇ ಕಡಿದರೆ ಅದು ಹಾರ್ಡ್‌ವೇರ್. ಸರ್ವಿಸ್ ಸೆಂಟರ್‌ಗೆ ಹೋಗುವಾಗ ಇನ್ನೊಂದು ಫೋನ್‌ನಲ್ಲಿ ಆ ಕಡಿಯುವ ಸದ್ದನ್ನು ವಿಡಿಯೋ ಮಾಡಿಕೊಂಡು ಹೋಗಿ, ಚೀಟಿಯನ್ನೂ ಒಯ್ಯಿರಿ. ಅಲ್ಲಿ ಹೋದಾಗ ಕಡಿಯದೇ ಇದ್ದರೆ ತೋರಿಸಲು ಏನಾದರೂ ಬೇಕಲ್ಲ.

ಅಪ್ಪನ ಫೋನ್‌ನಿಂದ ಆ ಹಳೇ ಕಾರ್ಡ್ ತೆಗೆದಿಟ್ಟೆ. ಪ್ರಸಂಗಗಳನ್ನು ಒಂದೊಂದು ಗಂಟೆಯ ತುಂಡು ಮಾಡಿ, ಹೆಸರಿನ ಮುಂದೆ 1, 2, 3 ಅಂತ ಹಾಕಿ ಫೋನ್ ಒಳಗೇ ಕಾಪಿ ಮಾಡಿದೆ. ಪ್ಲೇಯರ್‌ನ ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ, ಬೀಗ ಹಾಕಿದೆ. ಆ ರಾತ್ರಿ ಹತ್ತೂವರೆ ತನಕ ಅಂಗಳದಲ್ಲಿ ಮದ್ದಲೆ ಕೇಳುತ್ತಿತ್ತು, ಅಪ್ಪ ಒಮ್ಮೆಯೂ ಕೈ ತೊಳೆಯಲು ಏಳಲಿಲ್ಲ.